ಗ್ರಾಮಫೋನಿಗೆ ಹಳೇ ಪ್ಲೇಟು ಹುಡುಕಿ ಕೊಳ್ಳುವುದು ಹೇಗೆ: ಕಾರವಾರ, ಶಿರಸಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಮನೆಯ ಹಳೇ ಗ್ರಾಮಫೋನ್ ರಿಪೇರಿ ಮಾಡಿಸಿದವರು ನನಗೆ ಫೋನ್ ಮಾಡಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ದುಡ್ಡು ಕೊಟ್ಟು ಇಪ್ಪತ್ತು ಪ್ಲೇಟು ತಂದೆ. ಅದರಲ್ಲಿ ನಾಲ್ಕೂ ಸರಿಯಾಗಿ ಹಾಡ್ತಾ ಇಲ್ಲ." ಹೋಗಿ ನೋಡಿದರೆ ಅರ್ಧದಷ್ಟು ಎಲ್‌ಪಿಗಳು, ಅಂದರೆ ಈ ಮಷಿನ್ನಿಗೆ ಆಗದ, ಆಮೇಲಿನ ಕಾಲದ ಪ್ಲಾಸ್ಟಿಕ್ ಪ್ಲೇಟುಗಳು. ಉಳಿದವು ಸವೆದು ಬೂದಿ ಬಣ್ಣಕ್ಕೆ ತಿರುಗಿದವು. ಎರಡೋ ಮೂರೋ ಒಳ್ಳೆಯ ಪ್ಲೇಟು ಸಿಕ್ಕಿದ್ದರೆ, ಅವನ್ನೂ ತುಕ್ಕು ಹಿಡಿದ ಪಿನ್ನಿನಲ್ಲಿ ಹಾಡಿಸಿ ಕೆರೆದಿಟ್ಟಿರುತ್ತಾರೆ.

ಹೆಚ್ಚಿನವರು ಹಾಡು ನೋಡಿ ಪ್ಲೇಟು ಕೊಳ್ಳುತ್ತಾರೆ. ಗ್ರಾಮಫೋನಿಗೆ ಕೊಳ್ಳಬೇಕಾದ್ದು ಪ್ಲೇಟಿನ ಮೇಲೆ ಪಿನ್ನು ಓಡುವ ಗೆರೆ ನೋಡಿ. ಅದಕ್ಕೂ ಮುಂಚೆ ಮಷಿನ್ ಸರಿಯಿರಬೇಕು, ಹೊಸ ಪಿನ್ನು ಕೈಯಲ್ಲಿರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೆಯದರಿಂದ ಶುರು ಮಾಡಿದವರೇ ಜಾಸ್ತಿ ಕಳೆದುಕೊಳ್ಳುವುದು.

1. ಮೊದಲು ನಿಮ್ಮ ಮಷಿನ್ ನೋಡಿಕೊಳ್ಳಿ

ಕೀ ಕೊಟ್ಟು ತಿರುಗಿಸುವ, ಕರೆಂಟ್ ಬೇಡದ, ಉಕ್ಕಿನ ಪಿನ್ನು ಹಾಕುವ ಮಷಿನ್ ನಿಮ್ಮದಾದರೆ ಅದಕ್ಕೆ ಬೇಕಾದ್ದು 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಅರಗಿನ ಪ್ಲೇಟು ಮಾತ್ರ. ಇದರ ಸೌಂಡ್ ಬಾಕ್ಸ್, ಅಂದರೆ ಪಿನ್ನು ಸಿಕ್ಕಿಸುವ, ಸದ್ದು ಹೊರಡಿಸುವ ದುಂಡು ಡಬ್ಬಿ, ಪ್ಲೇಟಿನ ಮೇಲೆ 100 ಗ್ರಾಮಿಗಿಂತ ಹೆಚ್ಚು ಭಾರ ಹಾಕುತ್ತದೆ. ಆ ಭಾರ ತಡೆಯುವುದು ಅರಗಿನ ಪ್ಲೇಟಿಗೆ ಮಾತ್ರ ಸಾಧ್ಯ.

ಮೂರು ಪರೀಕ್ಷೆ ಮಾಡಿ. ಮೊದಲನೆಯದು ಸ್ಪ್ರಿಂಗ್. ಪೂರ್ತಿ ಕೀ ಕೊಟ್ಟರೆ ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲು, ಅಂದರೆ ಸುಮಾರು ಮೂರು ನಿಮಿಷ, ವೇಗ ಇಳಿಯದೆ ಹಾಡಬೇಕು. ನಡುವೆ ಒಳಗಿನಿಂದ 'ದಡ್ ದಡ್' ಅಂತ ಹೊಡೆತ ಕೇಳಿದರೆ ಸ್ಪ್ರಿಂಗಿನ ಗ್ರೀಸ್ ಒಣಗಿದೆ ಎಂದರ್ಥ. ಅದನ್ನು ಬಿಚ್ಚಿ ನೋಡಲು ನೀವೇ ಕೂರಬೇಡಿ. ಬಿಗಿದ ಸ್ಪ್ರಿಂಗ್ ಹಾರಿದರೆ ಕೈ ಸೀಳುತ್ತದೆ.

ಎರಡನೆಯದು ವೇಗ. ಪ್ಲೇಟಿನ ಕೆಳಗೆ ಸಣ್ಣ ಕಾಗದದ ಚೂರು ಹೊರಗೆ ಕಾಣುವಂತೆ ಸಿಕ್ಕಿಸಿ, ಪಿನ್ನು ಇಳಿಸಿ ಹಾಡುತ್ತಿರುವಾಗಲೇ ಸುತ್ತು ಎಣಿಸಿ. ಅರ್ಧ ನಿಮಿಷಕ್ಕೆ 39 ಸುತ್ತು ಬರಬೇಕು. ಖಾಲಿ ತಿರುಗುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಪಿನ್ನಿನ ಭಾರಕ್ಕೆ ವೇಗ ಸ್ವಲ್ಪ ಇಳಿಯುತ್ತದೆ.

ಮೂರನೆಯದು ಸೌಂಡ್ ಬಾಕ್ಸ್. ಎಲ್ಲ ಪ್ಲೇಟಿನಲ್ಲೂ ಜೋರು ಸ್ವರ ಬಂದಾಗ ಗರಗರ ಅಂದರೆ ದೋಷ ಪ್ಲೇಟಿನದ್ದಲ್ಲ. ಒಳಗಿನ ರಬ್ಬರ್ ಕಲ್ಲಾಗಿರುತ್ತದೆ. ರಬ್ಬರ್ ಬದಲಾಯಿಸಿದ ಮೇಲೆಯೇ ಪ್ಲೇಟು ಹುಡುಕಲು ಹೊರಡಿ. ಕೆಟ್ಟ ಸೌಂಡ್ ಬಾಕ್ಸ್ ಇಟ್ಟುಕೊಂಡು ಒಳ್ಳೆಯ ಪ್ಲೇಟನ್ನು ಗುಜರಿಗೆ ಹಾಕಿದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು. ಫಳಫಳ ಹೊಳೆಯುವ ಹಿತ್ತಾಳೆಯ ಹಾರ್ನ್, ಹೊಸ ಮರದ ಪೆಟ್ಟಿಗೆ ಇರುವ ಮಷಿನ್ ನಿಮ್ಮದಾದರೆ ಅದು ಇತ್ತೀಚೆಗೆ ಜೋಡಿಸಿದ ಅಲಂಕಾರದ ತುಂಡು ಇರಬಹುದು. ಅಂಥವುಗಳಲ್ಲಿ ಸೌಂಡ್ ಬಾಕ್ಸ್ ಹಿಡಿದಿರುವ ತೋಳಿನ ಅಳತೆ ಸಾಮಾನ್ಯವಾಗಿ ಸರಿಯಿರುವುದಿಲ್ಲ. ಪಿನ್ನು ಗೆರೆಯ ಗೋಡೆಯನ್ನೇ ಕೊರೆಯುತ್ತದೆ. ಅದರ ಮೇಲೆ ಅಪರೂಪದ ಪ್ಲೇಟು ಹಾಕಲೇಬೇಡಿ.

2. ಪಿನ್ನು ಮೊದಲು, ಪ್ಲೇಟು ಆಮೇಲೆ

ಒಂದು ಉಕ್ಕಿನ ಪಿನ್ನು ಒಂದು ಮಗ್ಗುಲಿಗೆ ಮಾತ್ರ. ಪ್ಲೇಟು ತಿರುವಿ ಹಾಕಿದರೆ ಇನ್ನೊಂದು ಹೊಸ ಪಿನ್ನು. ಇದು ಜಿಪುಣತನ ಮಾಡುವ ಜಾಗವೇ ಅಲ್ಲ.

ಅರಗಿನ ಜೊತೆ ಕಲ್ಲಿನ ಪುಡಿ ಬೆರೆಸಿ ಈ ಪ್ಲೇಟು ಮಾಡುತ್ತಿದ್ದರು. ಆ ಪುಡಿ ಪಿನ್ನಿನ ತುದಿಯನ್ನು ಸವೆಸಿ ಗೆರೆಯ ಆಕಾರಕ್ಕೆ ತರುತ್ತದೆ. ಮೂರು ನಿಮಿಷ ಮುಗಿಯುವಷ್ಟರಲ್ಲಿ ತುದಿ ಉಳಿಯ ಹಾಗೆ ಚಪ್ಪಟೆಯಾಗುತ್ತದೆ. ಅದನ್ನೇ ಮತ್ತೆ ಹಾಕಿದರೆ ಆ ಉಳಿ ಗೆರೆಯನ್ನು ಕೆತ್ತುತ್ತದೆ. ಹಾಡಿಗೆ ಒಮ್ಮೆ ಬಂದ ಗರಗರ ಸದ್ದನ್ನು ಮತ್ತೆ ಯಾರೂ ತೆಗೆಯಲಾರರು.

ನೂರು ಪಿನ್ನು ಅಂದರೆ ಐವತ್ತು ಪ್ಲೇಟಿನ ಎರಡೂ ಮಗ್ಗುಲು ಒಂದು ಸಲ ಕೇಳುವಷ್ಟೇ. ಹಾಗಾಗಿ ಒಟ್ಟಿಗೆ ಜಾಸ್ತಿ ತರಿಸಿಟ್ಟುಕೊಳ್ಳಿ. ತೆಳ್ಳಗಿನ ಪಿನ್ನಿಗೆ ಸದ್ದು ಮೆಲ್ಲಗೆ, ದಪ್ಪಕ್ಕೆ ಜೋರು. ನಮ್ಮ ಸಣ್ಣ ಕೋಣೆಗಳಿಗೆ ಮೆಲುದನಿಯ ಅಥವಾ ಮಧ್ಯಮದ ಪಿನ್ನು ಸಾಕು, ಪ್ಲೇಟೂ ಹೆಚ್ಚು ದಿನ ಬಾಳುತ್ತದೆ.

ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಒಂದು ಎಚ್ಚರಿಕೆ. ಕಡಲ ಗಾಳಿಗೆ ಪಿನ್ನಿಗೆ ಬೇಗ ತುಕ್ಕು ಬರುತ್ತದೆ. ತೂತಿರದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ನಾಯಿ ಚಿತ್ರದ (ಎಚ್‌ಎಂವಿ ಕಂಪನಿಯ) ಹಳೇ ಡಬ್ಬಿಯಲ್ಲಿ ಪಿನ್ನು ಸಿಕ್ಕಿದರೆ ಡಬ್ಬಿಯನ್ನು ಜೋಪಾನ ಮಾಡಿ, ಒಳಗಿನ ಪಿನ್ನು ಬಳಸಬೇಡಿ. ಅದು ಹೊಸದೋ ಬಳಸಿದ್ದೋ ಕಣ್ಣಿಗೆ ತಿಳಿಯುವುದಿಲ್ಲ.

3. 78 ಯಾವುದು, ಎಲ್‌ಪಿ ಯಾವುದು

ಲೇಬಲ್ ಮೇಲೆ 33⅓, 45, 'ಲಾಂಗ್ ಪ್ಲೇಯಿಂಗ್', 'ಮೈಕ್ರೋಗ್ರೂವ್' ಈ ಯಾವುದಾದರೂ ಇದ್ದರೆ ಪ್ಲೇಟನ್ನು ವಾಪಸ್ ಇಡಿ. ಉಕ್ಕಿನ ಪಿನ್ನು ಒಂದೇ ಸಲಕ್ಕೆ ಅದನ್ನು ಹಾಳು ಮಾಡುತ್ತದೆ. 78 ಪ್ಲೇಟಿನ ಮೇಲೆ 78 ಎಂದು ಬರೆದಿರಬಹುದು, ಏನೂ ಬರೆಯದೇ ಇರಬಹುದು.

ಅಳತೆ ನೋಡಿ. ಏಳು ಇಂಚಿನವು ಹೆಚ್ಚಾಗಿ 45ರವು. 78ರಲ್ಲಿ ಹತ್ತು ಇಂಚಿನವೇ ಜಾಸ್ತಿ, ಹನ್ನೆರಡು ಇಂಚಿನವು ಅಲ್ಲೊಂದು ಇಲ್ಲೊಂದು. ಆದರೆ ಹತ್ತು ಇಂಚಿನ ಎಲ್‌ಪಿಗಳೂ ಇವೆ, ಅಳತೆಯೊಂದನ್ನೇ ನಂಬಬೇಡಿ. ಹಾಡಿನ ಲೆಕ್ಕ ಹೆಚ್ಚು ಸುಲಭ. ಒಂದು ಮಗ್ಗುಲಿಗೆ ಒಂದೇ ಹಾಡು, ಕೈಗೆ ಹೆಂಚಿನ ಹಾಗೆ ಭಾರ ಮತ್ತು ಗಡುಸು, ಗೆರೆಗಳು ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತವೆ ಅಂದರೆ ಅದು 78.

ಬಗ್ಗಿಸಿ ನೋಡುವ ಅಭ್ಯಾಸ ಬಿಡಿ. ಅರಗಿನ ಪ್ಲೇಟು ಬಗ್ಗುವುದಿಲ್ಲ, ಮುರಿಯುತ್ತದೆ.

4. ಎಲ್ಲ 78 ಕೂಡ ನಿಮ್ಮ ಮಷಿನ್ನಿಗೆ ಅಲ್ಲ

ಇದನ್ನು ಬಹಳ ಜನ ಗಮನಿಸುವುದಿಲ್ಲ. 1950ರ ನಂತರದ 78 ಪ್ಲೇಟುಗಳನ್ನು ಕರೆಂಟಿನ ಪ್ಲೇಯರ್‌ಗಳ ಹಗುರ ತೋಳಿಗೆ ಹೊಂದುವಂತೆ ಮಾಡುತ್ತಿದ್ದರು. ಕೀ ಕೊಡುವ ಮಷಿನ್ನಿನಲ್ಲಿ ಅವು ಹಾಡುತ್ತವೆ, ಜೋರಾಗಿಯೇ ಹಾಡುತ್ತವೆ. ಆದರೆ ಬೇಗ ಸವೆಯುತ್ತವೆ. 1950, 60ರ ದಶಕದ ಸಿನಿಮಾ ಹಾಡಿನ ಪ್ಲೇಟುಗಳು ಹೆಚ್ಚಾಗಿ ಈ ಗುಂಪಿನವು. ಅವು ಬೇಕೇ ಬೇಕೆಂದರೆ 78ರ ವೇಗವಿರುವ ಕರೆಂಟಿನ ಪ್ಲೇಯರ್, ಅದಕ್ಕೆ 78ರ ದಪ್ಪ ಸೂಜಿ ಇಟ್ಟುಕೊಳ್ಳಿ.

ನಿಮ್ಮ ಮಷಿನ್ನಿಗೆ ಹೇಳಿ ಮಾಡಿಸಿದ್ದು 1920ರಿಂದ 40ರ ದಶಕದವರೆಗಿನ ಪ್ಲೇಟು. ಮೈಕ್ ಬಳಸಿ ಧ್ವನಿಮುದ್ರಣ ಶುರುವಾದದ್ದು 1925ರಲ್ಲಿ. ಲೇಬಲ್ಲಿನ ಸುತ್ತ ಗೆರೆ ಇಲ್ಲದ ನಯವಾದ ಪಟ್ಟಿ ಇರುತ್ತದೆಯಲ್ಲ, ಅಲ್ಲಿ ಕೆತ್ತಿದ ನಂಬರ್ ನೋಡಿ. ಎಚ್‌ಎಂವಿ ಪ್ಲೇಟಿನಲ್ಲಿ ಆ ನಂಬರಿನ ಪಕ್ಕ ಸಣ್ಣ ತ್ರಿಕೋನ ಅಥವಾ ಚೌಕ ಇದ್ದರೆ ಅದು ಮೈಕ್ ಬಂದ ಮೇಲಿನ ಮುದ್ರಣ. ಹಾಡುಗಾರರ ಉಸಿರು, ತಬಲಾದ ಎಡಗೈ ನಾದ ಎರಡೂ ಚೆನ್ನಾಗಿ ಕೇಳುತ್ತವೆ.

5. ಯಾವಾಗ, ಎಲ್ಲಿ ಹುಡುಕಬೇಕು

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ಲೇಟು ಅಂಗಡಿಯಲ್ಲಿ ಸಿಗುವುದು ಕಡಿಮೆ. ಅಟ್ಟದ ಮೇಲೆ ಸಿಗುತ್ತದೆ. ಅಟ್ಟ ಖಾಲಿಯಾಗುವ ಹೊತ್ತು ನೋಡಿ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಸಾಮಾನೆಲ್ಲ ಕೆಳಗೆ ಬರುತ್ತದೆ. ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗಲೂ ಹಾಗೆಯೇ. ಚೌತಿಯ ಮುಂಚಿನ ಸ್ವಚ್ಛತೆಯೂ ಒಂದು ಅವಕಾಶ. ಹೆಂಚಿನ ಕೆಲಸದವರಿಗೂ ಬಡಗಿಗಳಿಗೂ ಒಂದು ಮಾತು ಹೇಳಿಟ್ಟಿರಿ. ನನಗೆ ಸಿಕ್ಕ ಒಳ್ಳೆಯ ಪ್ಲೇಟುಗಳಲ್ಲಿ ಬಹುಪಾಲು ಅವರ ಬಾಯಿಂದ ಬಂದ ಸುದ್ದಿಯೇ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯ ಅಂಗಡಿಗಳಲ್ಲಿ ಹುಡುಕಿ ಸುಸ್ತಾಗಬೇಡಿ. ಜಾತ್ರೆಯ ನಿಜವಾದ ಉಪಯೋಗ ಬೇರೆ. ಬೆಂಗಳೂರು, ಮುಂಬಯಿ ಸೇರಿದ ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ. ಮನೆಯ ಹಿರಿಯರ ಎದುರಿಗೇ ಮಾತು ಮುಗಿಸಬಹುದು.

ಘಟ್ಟದ ಮೇಲಿನ ಮನೆಗಳಲ್ಲಿ ಒಂದು ವಿಷಯ ಕೇಳಿ: ಪ್ಲೇಟು ಇಟ್ಟದ್ದು ಯಾವ ಅಟ್ಟದಲ್ಲಿ? ಒಲೆಯ ಮೇಲಿನ ಹೊಗೆ ಅಟ್ಟದಲ್ಲಿದ್ದರೆ ಬಿಸಿಗೆ ಡೊಂಕಾಗಿ, ಮಸಿ ಗೆರೆಯೊಳಗೆ ಕೂತಿರುತ್ತದೆ. ಜಗುಲಿಯ ಕಪಾಟಿನಲ್ಲಿದ್ದರೆ ಕೂಡಲೇ ಹೊರಡಿ. ಕರಾವಳಿಯಲ್ಲಿ ಮುಂಬಯಿಯಲ್ಲಿ ನೌಕರಿ ಮಾಡಿ ಬಂದವರ ಮನೆಗಳನ್ನು ಮೊದಲು ವಿಚಾರಿಸಿ.

ಇಲ್ಲಿ ಏನು ಸಿಗುತ್ತದೆ ಎಂಬುದೂ ಗೊತ್ತಿರಲಿ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಾಗಾಗಿ ಮರಾಠಿ ನಾಟ್ಯಸಂಗೀತದ, ಅಂದರೆ ನಾಟಕದ ಹಾಡುಗಳ, ಪ್ಲೇಟು ಇಲ್ಲಿ ಸಹಜ. ಬಾಲಗಂಧರ್ವ, ಮಾಸ್ಟರ್ ದೀನಾನಾಥ, ಹೀರಾಬಾಯಿ ಬಡೋದೇಕರ್ ಅವರ ಹೆಸರು ಕಂಡರೆ 'ಮರಾಠಿ, ನಮಗೆ ಬೇಡ' ಅಂತ ಬದಿಗೆ ಹಾಕಬೇಡಿ. ಕೀ ಕೊಡುವ ಮಷಿನ್ನಿನಲ್ಲಿ ಅಷ್ಟು ಚೆನ್ನಾಗಿ ಹಾಡುವ ಪ್ಲೇಟು ಕಡಿಮೆ. ಲೇಬಲ್ ಬಹುತೇಕ ಇಂಗ್ಲಿಷ್ ಅಥವಾ ದೇವನಾಗರಿಯಲ್ಲಿರುತ್ತದೆ. ಕನ್ನಡ ಅಕ್ಷರ ಇಲ್ಲ ಅಂತ ಕನ್ನಡದ ಪ್ಲೇಟನ್ನೇ ಬಿಟ್ಟು ಬಂದವರಿದ್ದಾರೆ. ಗಂಗೂಬಾಯಿ ಹಾನಗಲ್ ಅವರ ಮೊದಲ ಕಾಲದ ಕೆಲವು ಪ್ಲೇಟುಗಳಲ್ಲಿ ಹೆಸರು 'ಗಾಂಧಾರಿ' ಎಂದಿದೆ. ಇಂಥದ್ದು ತಿಳಿಯದೆ ಕೈಬಿಟ್ಟರೆ ಆಮೇಲೆ ಬಹಳ ಬೇಜಾರಾಗುತ್ತದೆ.

ಮನೆಗೆ ಹೋದ ಕೂಡಲೇ "ಎಷ್ಟಕ್ಕೆ ಕೊಡ್ತೀರಿ" ಎನ್ನಬೇಡಿ. ನಾನು ಹೀಗೆ ಶುರು ಮಾಡುತ್ತೇನೆ.

"ಹೆಗಡೇರೆ, ನಿಮ್ಮಲ್ಲಿ ಪ್ಲೇಟು ಹಾಕ್ತಿದ್ರಂತಲ್ಲ, ಯಾರ ಹಾಡು ಜಾಸ್ತಿ ಕೇಳ್ತಿದ್ರಿ?"

"ನಮ್ಮ ಅಪ್ಪಯ್ಯಂಗೆ ಹುಚ್ಚಾಗಿತ್ತು ಮಾರಾಯ. ರಾತ್ರಿ ಊಟ ಆದಮೇಲೆ ಜಗುಲಿ ತುಂಬ ಜನ."

ಆ ಮಾತು ಮುಗಿಯಲಿ. ಚಹಾ ಬರಲಿ. ಅವರಿಗೆ ಯಾವುದಾದರೂ ಪ್ಲೇಟಿನ ಮೇಲೆ ಪ್ರೀತಿ ಇದ್ದರೆ ಅದನ್ನು ಕೇಳಲೇಬೇಡಿ. ಕೊಂಡ ಹಾಡುಗಳನ್ನು ಮೊಬೈಲಿನಲ್ಲಿ ಮುದ್ರಿಸಿ ಕಳಿಸುತ್ತೇನೆ ಅಂತ ಹೇಳಿ, ಹೇಳಿದಂತೆ ಕಳಿಸಿ.

ಊರಿನ ಗುಜರಿ ಅಂಗಡಿಗಳಿಗೆ ತಿಂಗಳಿಗೊಮ್ಮೆ ಹೋಗಿ ಬನ್ನಿ. ಪ್ಲೇಟನ್ನು ಮಲಗಿಸಿ ಮೇಲೆ ಕಬ್ಬಿಣ ಹೇರಬೇಡಿ, ಬಂದ ಕೂಡಲೇ ಫೋನ್ ಮಾಡಿ ಎಂದು ನಂಬರ್ ಕೊಟ್ಟಿಡಿ. ಇಲ್ಲಿ ಸಾಕಷ್ಟು ಸಿಗದಿದ್ದರೆ ಕೊಂಕಣ ರೈಲು ಹತ್ತಿ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ ಹೋಗಬಹುದು. ಅಲ್ಲಿ ಆರಿಸಲು ಹೆಚ್ಚು ಸಿಗುತ್ತದೆ, ಚೌಕಾಸಿಯೂ ಹೆಚ್ಚು ಬೇಕು.

6. ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುವುದು

ಚೀಲದಲ್ಲಿ ಇವಿಷ್ಟು ಇರಲಿ: ಸಣ್ಣ ಟಾರ್ಚ್, ಮೆತ್ತನೆಯ ಹತ್ತಿ ಬಟ್ಟೆ, ಅಳತೆ ಟೇಪು, ನಿಮ್ಮದೇ ಹೊಸ ಪಿನ್ನುಗಳು, ಖಾಲಿ ಕಾಗದದ ಲಕೋಟೆ, ರಟ್ಟಿನ ತುಂಡುಗಳು.

ಮೊದಲು ಬಿರುಕು. ನಡುವಿನ ತೂತಿಗೆ ಬೆರಳು ತೂರಿಸಿ ಪ್ಲೇಟನ್ನು ತೂಗುಹಾಕಿ, ಅಂಚಿನ ಹತ್ತಿರ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಸಣ್ಣಗೆ 'ಟಣ್' ಅನ್ನುತ್ತದೆ. ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದೇ ಅಲ್ವಾ? ಅಂಚಿನಿಂದ ಒಳಕ್ಕೆ ಹೊರಟ ಕೂದಲೆಳೆಯ ಬಿರುಕನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 100 ಗ್ರಾಮ್ ಭಾರದ ಕೆಳಗೆ ಅದು ಬೆಳೆಯುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದು ಗೆರೆಗೆ ತಾಗದಿದ್ದರೆ ಪರವಾಗಿಲ್ಲ.

ಎರಡನೆಯದು ಸವೆತ. ಇದೇ ಮುಖ್ಯ, ನಿಧಾನ ಮಾಡಿ. ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಟಾರ್ಚನ್ನು ಪಕ್ಕದಿಂದ ಬಿಡಿ, ಮೇಲಿನಿಂದಲ್ಲ. ಒಳ್ಳೆಯ ಗೆರೆ ಕಪ್ಪಗೆ ಹೊಳೆಯುತ್ತದೆ. ಸವೆದದ್ದು ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿರುತ್ತದೆ. ಲೇಬಲ್ಲಿನ ಹತ್ತಿರದ ಕೊನೆಯ ಒಂದು ಇಂಚು ವಿಶೇಷವಾಗಿ ನೋಡಿ. ಹಾಡು ಅಲ್ಲಿಗೆ ಬರುವಾಗ ಪಿನ್ನು ಸವೆದಿರುತ್ತದೆ, ಹಾಗಾಗಿ ಪೆಟ್ಟು ಜಾಸ್ತಿ ಬೀಳುವುದು ಅಲ್ಲೇ. ಹೊರಗಡೆ ಹೊಳೆಯುತ್ತಿದ್ದು ಒಳಗಡೆ ಬೂದಿಯಾಗಿದ್ದರೆ ಹಾಡು ತಾರಕ ಸ್ವರಕ್ಕೆ ಹೋಗುವ ಹೊತ್ತಿಗೆ ಗರಗರ ಗ್ಯಾರಂಟಿ.

ಆದರೆ ನಮ್ಮ ಕಡೆ ಬೂದಿ ಬಣ್ಣವೆಲ್ಲ ಸವೆತವಲ್ಲ. ಬೂಸ್ಟು ಕೂಡ ಹಾಗೇ ಕಾಣುತ್ತದೆ. ಮಾರುವವರನ್ನು ಕೇಳಿ, ಒಂದು ಮೂಲೆಗೆ ಬಾಯಿಂದ ಹಬೆ ಊದಿ, ಬಟ್ಟೆಯಿಂದ ಗೆರೆಯ ದಾರಿಯಲ್ಲೇ ಒರೆಸಿ. ಬೂಸ್ಟಾದರೆ ಕಪ್ಪು ಹೊಳಪು ಮೇಲೆ ಬರುತ್ತದೆ. ಸವೆತವಾದರೆ ಹಾಗೇ ಇರುತ್ತದೆ. ಕುಮಟಾ ಕಡೆಯ ಒಂದು ಮನೆಯಲ್ಲಿ ಬೂದಿ ಬಣ್ಣದ ಒಂದು ಕಟ್ಟನ್ನು ಸವೆದದ್ದು ಎಂದು ಬಿಟ್ಟು ಬಂದಿದ್ದೆ. ತಿಂಗಳು ಕಳೆದು ಮನಸ್ಸು ತಡೆಯದೆ ಮತ್ತೆ ಹೋದೆ. ಅಷ್ಟರಲ್ಲಿ ಅದನ್ನು ಕೊಟ್ಟಾಗಿತ್ತು. ಕೊಂಡವರ ಮನೆಯಲ್ಲಿ ಕೇಳಿದೆ, ಬರೀ ಬೂಸ್ಟು, ಒಳಗೆ ಚಿನ್ನದಂಥ ಗೆರೆ. ಈ ಒರೆಸುವ ಪರೀಕ್ಷೆ ಅಂದಿನಿಂದ ಬಿಟ್ಟಿಲ್ಲ.

ಅತಿಯಾಗಿ ಹೊಳೆಯುವ ಪ್ಲೇಟಿನ ಬಗ್ಗೆಯೂ ಹುಷಾರು. ಸವೆತ ಮುಚ್ಚಲು ತೆಂಗಿನೆಣ್ಣೆ, ಬೂಟ್ ಪಾಲಿಶ್ ಹಚ್ಚುವವರಿದ್ದಾರೆ. ಮೂಗಿನ ಹತ್ತಿರ ಹಿಡಿದರೆ ವಾಸನೆ ಬರುತ್ತದೆ, ಬಿಳಿ ಬಟ್ಟೆಗೆ ಬಣ್ಣ ಹತ್ತುತ್ತದೆ.

ಮೂರನೆಯದು ಡೊಂಕು. ಮೇಜಿನ ಗಾಜಿನ ಮೇಲೆ ಇಟ್ಟು ಅಂಚು ನೋಡಿ. ಬಟ್ಟಲಿನ ಹಾಗೆ ಒಂದೇ ಸಮ ತಗ್ಗಿದ್ದರೆ ಹಾಡುತ್ತದೆ. ಅಂಚು ಅಲೆಯಲೆಯಾಗಿದ್ದರೆ ಭಾರದ ಸೌಂಡ್ ಬಾಕ್ಸ್ ಕುಣಿಯುತ್ತದೆ, ಬೇಡ.

ಮಾರುವವರು "ಹಾಕಿ ತೋರಿಸ್ತೇನೆ" ಅಂದರೆ ಸಂತೋಷ. ಆದರೆ ಅವರ ಪಿನ್ನು ತೆಗೆಸಿ ನಿಮ್ಮ ಹೊಸ ಪಿನ್ನು ಹಾಕಿಸಿ. ಪೂರ್ತಿ ಹಾಡು ಬೇಡ, ಕೊನೆಯ ಅರ್ಧ ನಿಮಿಷ ಕೇಳಿದರೆ ಸಾಕು. ಸಣ್ಣಗೆ ಸುಯ್ ಎನ್ನುವ ಸದ್ದು ಎಲ್ಲ ಅರಗಿನ ಪ್ಲೇಟಿಗೂ ಇರುತ್ತದೆ. ಜೋರು ಸ್ವರದಲ್ಲಿ ಧ್ವನಿಯೇ ಒಡೆದರೆ ಅದು ಸವೆತ.

7. ಬೆಲೆ

ಹಳೆಯದು ಎಂಬ ಒಂದೇ ಕಾರಣಕ್ಕೆ ಬೆಲೆ ಬರುವುದಿಲ್ಲ. ಗೆರೆ ಮೊದಲು, ಹಾಡುಗಾರರು ಆಮೇಲೆ, ಲೇಬಲ್ ಕೊನೆಗೆ. ಸವೆದ ಪ್ಲೇಟು ಎಷ್ಟೇ ಅಪರೂಪವಿದ್ದರೂ ಗ್ರಾಮಫೋನಿಗೆ ಉಪಯೋಗವಿಲ್ಲ.

ಇಡೀ ಕಟ್ಟಿಗೆ ಒಂದೇ ಬೆಲೆ ಹೇಳಿದರೆ ಮೂರು ರಾಶಿ ಮಾಡಿ: ಹಾಡುವವು, ತೊಳೆದು ನೋಡಬೇಕಾದವು, ಆಗದವು. ಮೊದಲ ರಾಶಿಗೆ ಮಾತ್ರ ಲೆಕ್ಕ ಹಾಕಿ. ಮನೆಯವರ ಹತ್ತಿರ ಮಾತ್ರ ತೀರಾ ಎಳೆದಾಡಬೇಡಿ. ಅವರಿಗೆ ಗೊತ್ತಿಲ್ಲದ ಅಪರೂಪದ ಪ್ಲೇಟು ಕಂಡರೆ ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ದುಡ್ಡು ಕೊಡಿ. ಸಣ್ಣ ಊರು ನಮ್ಮದು, ಮುಂದಿನ ಮನೆಯ ಬಾಗಿಲು ತೆರೆಯುವುದು ಆ ಮಾತಿನಿಂದಲೇ.

8. ನೋಡದೆ ಆನ್‌ಲೈನಿನಲ್ಲಿ ಕೊಳ್ಳುವಾಗ

ನಾಲ್ಕು ಫೋಟೋ ಕೇಳಿ: ಎರಡು ಲೇಬಲ್, ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಎರಡು ಮಗ್ಗುಲು. ಜೊತೆಗೆ ಹಾಡಿನ ಕೊನೆಯ ಭಾಗದ ವಿಡಿಯೋ. "ಚೆನ್ನಾಗಿದೆ ಸರ್" ಎಂದು ಹೇಳಿ ಫೋಟೋ ಕಳಿಸದವರಿಂದ ಕೊಳ್ಳಬೇಡಿ.

ಪ್ಯಾಕಿಂಗ್ ಬಗ್ಗೆ ಮೊದಲೇ ಬರೆದು ತಿಳಿಸಿ. ಪ್ರತಿ ಪ್ಲೇಟಿಗೆ ಕಾಗದದ ಲಕೋಟೆ, ಎರಡು ಪ್ಲೇಟಿನ ನಡುವೆ ರಟ್ಟು, ರಟ್ಟು ಪ್ಲೇಟಿಗಿಂತ ಎಲ್ಲ ಕಡೆ ದೊಡ್ಡದು, ಕಟ್ಟು ಅಲುಗಾಡದಂತೆ ಬಿಗಿ, ಆಮೇಲೆ ಪೆಟ್ಟಿಗೆಯೊಳಗೆ ಪೆಟ್ಟಿಗೆ. ಬರೀ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಕಳಿಸಿದ ಒಂಬತ್ತು ಪ್ಲೇಟು ನನಗೆ ಬಂದು ತಲುಪಿದ್ದು ಇಪ್ಪತ್ತಕ್ಕೂ ಹೆಚ್ಚು ಚೂರಾಗಿ.

9. ಮನೆಗೆ ತರುವುದು

ಬಸ್ಸಿನ ಡಿಕ್ಕಿಗೆ ಹಾಕಬೇಡಿ. ದೇವಿಮನೆ ಘಟ್ಟ, ಅರಬೈಲ್ ಘಟ್ಟದ ತಿರುವುಗಳಲ್ಲಿ ಉಳಿದ ಸಾಮಾನು ಅದರ ಮೇಲೆ ಬೀಳುತ್ತದೆ. ಪ್ಲೇಟು ನಿಲ್ಲಿಸಿದಂತೆ ಇಟ್ಟು, ಎರಡು ಕಾಲಿನ ನಡುವೆ ಹಿಡಿದು ಕೂರಿ. ಕಾರಿನಲ್ಲಾದರೆ ಬಿಸಿಲು ಬೀಳುವ ಹಿಂದಿನ ಗಾಜಿನ ಬಳಿ ಇಡಬೇಡಿ. ಊಟಕ್ಕೆ ನಿಲ್ಲಿಸಿದ ಅರ್ಧ ಗಂಟೆಯಲ್ಲಿ ಪ್ಲೇಟು ಡೊಂಕಾಗುತ್ತದೆ.

10. ತೊಳೆಯುವುದು

ತೊಳೆಯದೆ ಹಾಡಿಸಬೇಡಿ. ಗೆರೆಯಲ್ಲಿರುವ ಮರಳು, ಮಸಿ ಪಿನ್ನಿನ ಜೊತೆ ಸೇರಿ ಅರದ ಕೆಲಸ ಮಾಡುತ್ತದೆ.

ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೇ ಹನಿ. ಮೆತ್ತನೆಯ ಬ್ರಷ್ಷಿನಿಂದ ಗೆರೆಯ ದಾರಿಯಲ್ಲೇ ಸುತ್ತ ತಿಕ್ಕಿ, ಅಡ್ಡಡ್ಡ ಬೇಡ. ಲೇಬಲ್ ಒದ್ದೆಯಾಗಬಾರದು. ನೀರಿನಲ್ಲಿ ನೆನೆಸಿಡಬೇಡಿ. ಬರೀ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ಒರೆಸಿ, ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ. ಬಿಸಿಲು ಬೇಡ.

ಸ್ಪಿರಿಟ್, ಸ್ಯಾನಿಟೈಸರ್, ಥಿನ್ನರ್ ಮುಟ್ಟಿಸಲೇಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುವುದು ನೀವು ನೋಡಿರಬಹುದು. ಎಲ್‌ಪಿ ತೊಳೆಯಲು ಮಾರುವ ದ್ರಾವಣಗಳಲ್ಲಿಯೂ ಅದು ಇರಬಹುದು, ಬಾಟಲಿ ಓದಿ ನೋಡಿ.

11. ಮಳೆಗಾಲ ದಾಟಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಪ್ಲೇಟಿನ ಪೆಟ್ಟಿಗೆ ನೆಲದಿಂದ ಒಂದು ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಪ್ಲೇಟುಗಳನ್ನು ನೇರವಾಗಿ ನಿಲ್ಲಿಸಿ, ಹತ್ತು ಇಂಚಿನವು ಬೇರೆ, ಹನ್ನೆರಡು ಇಂಚಿನವು ಬೇರೆ. ಓರೆಯಾಗಿ ಒರಗಿಸಿದರೆ ಡೊಂಕಾಗುತ್ತವೆ, ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಒಡೆಯುತ್ತವೆ.

ಹಳೇ ಕಾಗದದ ಲಕೋಟೆಗಳಲ್ಲಿ ಬೂಸ್ಟು, ಬೆಳ್ಳಿಮೀನು ಹುಳ ಎರಡೂ ಇರುತ್ತವೆ. ಪ್ಲೇಟನ್ನು ಹೊಸ ಲಕೋಟೆಗೆ ಹಾಕಿ, ಹಳೆಯದನ್ನು ಬಿಸಿಲಿಗೆ ಹಾಕಿ ಬೇರೆಯಾಗಿ ಇಟ್ಟುಕೊಳ್ಳಿ. ಎಷ್ಟೋ ಲಕೋಟೆಗಳ ಮೇಲೆ ಮಾರಿದ ಅಂಗಡಿಯ ಮೊಹರು ಉಳಿದಿರುತ್ತದೆ, ಬಿಸಾಡುವಂಥದ್ದಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಇಡಿ. ಆಗಸ್ಟಿನಲ್ಲಿ ಮಳೆ ಬಿಟ್ಟ ಒಂದು ದಿನ ಪೆಟ್ಟಿಗೆ ತೆರೆದು, ಒಂದೊಂದೇ ಪ್ಲೇಟನ್ನು ಹೊರಗೆ ತೆಗೆದು ಟಾರ್ಚ್ ಹಾಕಿ ನೋಡಿ. ಬಿಳಿ ಚುಕ್ಕೆ ಕಂಡದ್ದನ್ನು ಆಗಲೇ ಒರೆಸಿ, ಎರಡು ದಿನ ಬೇರೆ ಇಟ್ಟು, ಆಮೇಲೆ ಉಳಿದವುಗಳ ಜೊತೆ ಸೇರಿಸಿ.